ಗವಸು ಬಿಚ್ಚಿದ ಜೀಪು

"ಸಾರ್, ಎದ್ದುಬಿಡಿ, ಪ್ಯಾಂಟೆಲ್ಲ ಕೆಂಪಾಗ್ತಿದೆ," ಎಂದು ದಫೇದಾರ ಹೇಳಿದ ಮೇಲೆಯೇ ಇನ್ಸ್‌ಪೆಕ್ಟರ್ ತನ್ನ ಮಂಡಿಗಳನ್ನು ನೋಡಿಕೊಂಡ. ಎರಡಕ್ಕೂ ನೆಲದ ಬಣ್ಣ ಮೆತ್ತಿಕೊಂಡಿತ್ತು.

ಎದ್ದುಬಿಡುವುದು ಅಷ್ಟು ಸುಲಭದ ಮಾತಲ್ಲ. ಇಲಾಖೆಯಲ್ಲಿ ಅವನನ್ನು ಆಮೆ ಎಂದು ಕರೆಯುತ್ತಿದ್ದರು. ಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಈಚೀಚೆಗೆ ಎದುರಿಗೇ ಕರೆಯುತ್ತಾರೆ. ಆಮೆ ಜೀಪಿನ ಬಂಪರ್ ಹಿಡಿದು, ಒಂದು ಕಾಲನ್ನು ಸರಿಮಾಡಿಕೊಂಡು, ಆಮೇಲೆ ಇನ್ನೊಂದನ್ನು ಎಳೆದುಕೊಂಡು, ಅಂತೂ ಎದ್ದು ನಿಂತ. ಜನರಲ್ ಸಾಹೇಬನ ಸ್ಮಾರಕ ಭವನದ ಉದ್ಘಾಟನೆಗೆಂದು ಜೀಪಿನ ಶೆಡ್ಡಿನ ನೆಲಕ್ಕೆ ಹಿಂದಿನ ದಿನ ಅಗ್ಗದ ಕೆಂಪು ಬಣ್ಣ ಬಳಿದಿದ್ದರು. ಮುಟ್ಟಿದವರಿಗೆಲ್ಲ ಅದು ಅಂಟುತ್ತಿತ್ತು.

"ಮುದುಕನ ಪ್ಯಾಂಟಿಗೂ ಹೀಗೇ ಅಂಟಿತ್ತಲ್ಲ?"

"ಎರಡು ಮಂಡಿಗೂ ಇತ್ತು ಸಾರ್. ಬಿದ್ದಾಗ ಆಗಿರಬೇಕು."

"ಮಂಡಿ ಮೇಲೆ ಬಿದ್ದವನು ಕೈ ಊರ್ತಾನೆ. ಅಂಗೈ ನೋಡಿದೆಯಾ? ಚೂರೂ ಬಣ್ಣ ಇರಲಿಲ್ಲ. ಪೆಟ್ಟು ಬಿದ್ದಿರೋದು ತಲೆ ಹಿಂದೆ."

ಸತ್ತ ಮುದುಕ ಜನರಲ್ ಸಾಹೇಬನ ಹಳೆಯ ಡ್ರೈವರ್. ಸೋಮವಾರ ವಿಚಾರಣಾ ಆಯೋಗದ ಮುಂದೆ ಬಾಯಿ ಬಿಡಬೇಕಾಗಿದ್ದವನು, ಶುಕ್ರವಾರ ಬೆಳಗ್ಗೆ, ತಾನು ಓಡಿಸುತ್ತಿದ್ದ ಜೀಪಿನ ಮುಂದೆಯೇ ಅಂಗಾತ ಬಿದ್ದಿದ್ದ. ತಲೆ ಕಬ್ಬಿಣದ ಸಲಕರಣೆ ಪೆಟ್ಟಿಗೆಯ ಮೂಲೆಗೆ ಬಡಿದಿತ್ತು. ವಯಸ್ಸಾಗಿತ್ತು, ತಲೆ ಸುತ್ತಿರಬೇಕು ಎಂದು ಡಾಕ್ಟರು ಹೇಳಿ ಹೋಗಿದ್ದರು. ಹೆಣ ಎತ್ತಲು ಬಂದವರು ನೆಲವನ್ನೆಲ್ಲ ತುಳಿದು, ಯಾರ ಹೆಜ್ಜೆ ಯಾವುದೆಂದು ದೇವರಿಗೂ ತಿಳಿಯದ ಹಾಗೆ ಮಾಡಿದ್ದರು.

ಇನ್ಸ್‌ಪೆಕ್ಟರ್ ಮಂಡಿಯೂರಿದ್ದಕ್ಕೆ ಕಾರಣ ಬಂಪರಿನ ಮೇಲಿದ್ದ ಕೆಂಪು ತಗಡು. ಅದರ ಮೇಲೆ ಹಿತ್ತಾಳೆಯ ನಕ್ಷತ್ರಗಳು ಹೊಳೆಯುತ್ತಿದ್ದವು. ಇಡೀ ಜೀಪಿನ ಮೇಲೆ ಗೋಡೆ ಉಜ್ಜಿದ ಸುಣ್ಣದ ಧೂಳು ಕೂತಿದ್ದರೂ ನಕ್ಷತ್ರಗಳ ಮೇಲೆ ಒಂದು ಕಣವೂ ಇರಲಿಲ್ಲ. ಧೂಳು ಬೀಳುವಾಗ ಅದರ ಮೇಲೆ ಏನೋ ಮುಚ್ಚಿತ್ತು ಅಂತಾಯಿತು. ಆ ಏನೋ ಬೇಗನೇ ಸಿಕ್ಕಿತು. ದಪ್ಪ ಕ್ಯಾನ್ವಾಸಿನ ಒಂದು ಗವಸು, ಅಚ್ಚುಕಟ್ಟಾಗಿ ಮಡಿಸಿ, ಅದರದೇ ದಾರವನ್ನು ಸುತ್ತಿ, ಡ್ರೈವರ್ ಸೀಟಿನ ಪಕ್ಕದ ಜೇಬಿನಲ್ಲಿ ಇಟ್ಟಿತ್ತು.

ಧೂಳಿಲ್ಲದ ಜಾಗ ಇನ್ನೊಂದಿತ್ತು. ಮುಂದಿನ ಸೀಟು, ಡ್ರೈವರಿನದಲ್ಲ, ಪಕ್ಕದ್ದು. ಅದನ್ನು ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸಿದ್ದರು.

"ಕೂರೋಕೆ ಒರೆಸಿದ್ದಾರೆ," ಎಂದ ದಫೇದಾರ. ಈ ಮಾತು ಹೇಳಲು ಯಾರೂ ಪತ್ತೇದಾರಿ ಮಾಡಬೇಕಾಗಿರಲಿಲ್ಲ, ಆದರೂ ಇನ್ಸ್‌ಪೆಕ್ಟರ್ ತಲೆಯಾಡಿಸಿದ.

ಈ ಕೇಸು ತನ್ನ ಕೈಗೆ ಯಾಕೆ ಬಂತು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಯುದ್ಧದ ಕಾಲದಲ್ಲಿ ಹೊಳೆಯಾಚೆಯ ಒಂದು ಊರಿನ ಜನರನ್ನೆಲ್ಲ ಉಗ್ರಾಣದಲ್ಲಿ ಕೂಡಿಹಾಕಿ ಬೆಂಕಿ ಇಟ್ಟಿದ್ದರು. ಬೆಂಕಿ ಇಟ್ಟ ಕೈ, ಆಗ ಜನರಲ್ ಕೈಕೆಳಗೆ ಸೈನಿಕನಾಗಿದ್ದ ಅವನ ಸ್ವಂತ ತಮ್ಮನದು. ಅದನ್ನು ತಮ್ಮ ಎಂದೂ ಅಲ್ಲಗಳೆದಿಲ್ಲ. ಆದರೆ, ಜನರಲ್ ಅಲ್ಲೇ ಜೀಪಿನಲ್ಲಿ ಕೂತು ಆಜ್ಞೆ ಕೊಟ್ಟ ಎಂದು ಕೋರ್ಟಿನಲ್ಲಿ ಗಂಟಲು ಹರಿಯುವಂತೆ ಕೂಗಿದ. ಜನರಲ್ ಆ ದಿನ ಜ್ವರ ಬಂದು ದೂರದ ಶಿಬಿರದಲ್ಲಿ ಮಲಗಿದ್ದ ಎಂದು ಮೇಲಿನವರೆಲ್ಲ ಒಂದೇ ರಾಗ ಹಾಡಿದರು. ತಮ್ಮ ಜೈಲಿಗೆ ಹೋದ. ಜನರಲ್ ಪದಕ ಹಾಕಿಸಿಕೊಂಡ.

ಆಮೇಲೆ ಕಾಲ ತಿರುಗಿತು, ಆಯೋಗ ಬಂತು. ಜನರಲ್‌ಗೆ ಸಮನ್ಸ್ ಹೋದ ವಾರವೇ ಅವನ ಹೆಲಿಕಾಪ್ಟರ್ ಬೆಟ್ಟಕ್ಕೆ ಬಡಿದು ಉರಿದುಹೋಯಿತು. ಮುಚ್ಚಿದ ಪೆಟ್ಟಿಗೆಗೆ ಬಾವುಟ ಹೊದಿಸಿ ಮಣ್ಣು ಮಾಡಿದರು. ಅರ್ಧ ದೇಶ ಅತ್ತಿತು, ಇನ್ನರ್ಧ ಶನಿ ತೊಲಗಿತು ಎಂದಿತು. ತೀರ್ಪು ಮಾತ್ರ ಬರಲಿಲ್ಲ. ಆ ದಿನ ಜೀಪಿನಲ್ಲಿ ಯಾರಿದ್ದರು ಎಂದು ಹೇಳಬಲ್ಲವನು ಒಬ್ಬನೇ ಉಳಿದಿದ್ದ, ಅವನೂ ಈಗ ಶವಾಗಾರದಲ್ಲಿ ಮಲಗಿದ್ದ.

ಬೆಳಗ್ಗೆ ಕಮಿಷನರ್ ಫೈಲನ್ನು ಮೇಜಿನ ಮೇಲೆ ತಳ್ಳಿ, ನಿಧಾನಕ್ಕೆ ಮಾಡಿ, ಆತುರವಿಲ್ಲ ಎಂದಿದ್ದ. ಆಮೆಗೆ ನಿಧಾನಕ್ಕೆ ಮಾಡು ಎಂದು ಯಾರೂ ಹೇಳಬೇಕಾಗಿಲ್ಲ. ಒಳಗಿನ ಮರ್ಮ ಬೇರೆಯೇ ಇತ್ತು: ಈ ಮನುಷ್ಯ ಏನನ್ನೇ ಹುಡುಕಿ ತರಲಿ, ತಮ್ಮನಿಗೋಸ್ಕರ ಹುಟ್ಟುಹಾಕಿದ ಕಥೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಬಹುದು. ಬೇಡ ಎನ್ನಬೇಕಿತ್ತು. ಬೇಡ ಎನ್ನಲೂ ಒಂದು ಶಕ್ತಿ ಬೇಕು, ಅದು ಅವನಲ್ಲಿ ಯಾವಾಗಲೋ ಖಾಲಿಯಾಗಿತ್ತು.

*

ಮುದುಕನ ಮಗಳು ಶಾಲಾ ಮಕ್ಕಳ ವ್ಯಾನ್ ಓಡಿಸುವವಳು. ಮನೆ ತುಂಬ ನೆಂಟರು ಸೇರಿ ಗದ್ದಲವಾಗಿತ್ತೆಂದು ಅವಳು ಬೀದಿಯಲ್ಲಿ ನಿಂತಿದ್ದ ವ್ಯಾನಿನೊಳಗೆ, ಮಕ್ಕಳು ಕೂರುವ ಪುಟ್ಟ ಸೀಟಿನಲ್ಲಿ ಮುದುಡಿ ಕೂತಿದ್ದಳು. ಇನ್ಸ್‌ಪೆಕ್ಟರ್ ಅವಳ ಎದುರಿನ ಸೀಟಿನಲ್ಲಿ ಹೇಗೋ ತುರುಕಿಕೊಂಡ.

ಅಪ್ಪನಿಗೆ ತಲೆ ಸುತ್ತುವ ಕಾಯಿಲೆ ಇರಲಿಲ್ಲ ಎಂದಳು. ಸಾಕ್ಷಿ ಹೇಳಲು ಯಾರೂ ಬಲವಂತ ಮಾಡಿರಲಿಲ್ಲ ಎಂದಳು. ಒಂದು ದಿನ ಊಟಕ್ಕೆ ಕೂತವನು ಕೈ ತೊಳೆದುಕೊಂಡು ಎದ್ದು, ಸಾಕಾಯ್ತು ಕಣೆ, ಹೊಟ್ಟೆಯೊಳಗೆ ಇಟ್ಟುಕೊಂಡು ಸಾಕಾಯ್ತು ಅಂದನಂತೆ. ಆದರೂ ವಾರಕ್ಕೊಮ್ಮೆ ಆ ಜೀಪನ್ನು ತೊಳೆಯಲು ಹೋಗುವುದನ್ನು ಬಿಟ್ಟಿರಲಿಲ್ಲ. ಜೀಪೇನು ತಪ್ಪು ಮಾಡಿದೆ ಎನ್ನುತ್ತಿದ್ದನಂತೆ.

ಇನ್ಸ್‌ಪೆಕ್ಟರ್ ಚೀಲದಿಂದ ಗವಸನ್ನು ತೆಗೆದು ಅವಳ ಮುಂದೆ ಹಿಡಿದ. ಅಳು ನಿಂತುಹೋದ ಅವಳ ಮುಖದಲ್ಲಿ ಮೊದಲ ಬಾರಿಗೆ ಗಾಬರಿ ಕಂಡಿತು.

"ಇದು ಹೇಗೆ ನಿಮ್ಮ ಕೈಗೆ ಬಂತು ಸಾರ್?"

"ಜೀಪಲ್ಲಿತ್ತಮ್ಮ. ಸೀಟಿನ ಪಕ್ಕ, ಹೀಗೇ ಮಡಿಸಿಟ್ಟಿತ್ತು."

"ಮಡಿಸಿರೋದು ಅಪ್ಪನೇ. ದಾರ ಸುತ್ತಿ ತುದಿ ಒಳಗೆ ಸೇರಿಸೋದು ಅಪ್ಪ ಮಾತ್ರ." ಅವಳು ಗವಸನ್ನು ಮುಟ್ಟಲಿಲ್ಲ. "ಆದ್ರೆ ಅಪ್ಪ ಇದನ್ನ ತೆಗೆಯೋ ಹಾಗೇ ಇಲ್ಲ."

ತಡೆತಡೆದು ಅವಳು ವಿವರಿಸಿದಳು. ನಕ್ಷತ್ರದ ತಗಡು ಗಾಡಿಗೆ ಸೇರಿದ್ದಲ್ಲ, ಒಳಗೆ ಕೂತ ಅಧಿಕಾರಿಗೆ ಸೇರಿದ್ದು. ಸಾಹೇಬ ಸೀಟಿನಲ್ಲಿ ಕೂತ ಮೇಲೆ ಡ್ರೈವರ್ ಗವಸು ಬಿಚ್ಚಬೇಕು. ಸಾಹೇಬ ಇಳಿದ ಕೂಡಲೇ ಮತ್ತೆ ಹಾಕಬೇಕು. ಖಾಲಿ ಗಾಡಿಯಲ್ಲಿ ನಕ್ಷತ್ರ ತೋರಿಸಿಕೊಂಡು ಓಡಾಡಿದರೆ ದಾರಿಯಲ್ಲಿ ಸೈನಿಕರು ಒಳಗೆ ಸಾಹೇಬನಿದ್ದಾನೆಂದು ಸೆಲ್ಯೂಟ್ ಹೊಡೆಯುತ್ತಾರೆ, ಡ್ರೈವರಿಗೆ ಶಿಕ್ಷೆಯಾಗುತ್ತದೆ. ಬೇರೆ ಡ್ರೈವರುಗಳು ಒಮ್ಮೊಮ್ಮೆ ಮರೆಯುತ್ತಿದ್ದರು. ಇವನು ನಿದ್ದೆಯಲ್ಲೂ ಮರೆಯುತ್ತಿರಲಿಲ್ಲ. ಜನರಲ್ ಮಣ್ಣಾದ ದಿನ ಇವನೇ ಹೋಗಿ ಗವಸಿನ ಗಂಟನ್ನು ಬಿಗಿ ಮಾಡಿ ಬಂದಿದ್ದ. ಭವನದ ಕೆಲಸ ನೋಡಲು ಬಂದವರು ಫೋಟೋಗೆಂದು ತೆಗೆಯಲು ಹೇಳಿದರೆ ಜಗಳಕ್ಕೇ ನಿಲ್ಲುತ್ತಿದ್ದ.

"ಮಂತ್ರಿ ಬಂದು ಹೇಳಿದ್ರೂ ತೆಗೀಲಿಲ್ಲ ಸಾರ್. ಒಳಗೆ ಸಾಹೇಬರಿಲ್ಲ, ಸುಳ್ಳು ತೋರಿಸಕ್ಕಾಗಲ್ಲ ಅಂದ್ರು."

"ಉದ್ಘಾಟನೆ ಅಂತ ಮನಸ್ಸು ಬದಲಾಯಿಸಿರಬಹುದಲ್ವಾ?"

"ನೀವು ನಮ್ಮಪ್ಪನ್ನ ಕಂಡಿಲ್ಲ," ಎಂದಳು ಅವಳು. ಆಮೇಲೆ ಕಿಟಕಿಯ ಕಡೆ ನೋಡುತ್ತ ಕೇಳಿದಳು: "ಸಾಹೇಬರು ಕೂರೋ ಸೀಟು ಒರೆಸಿತ್ತಾ ಸಾರ್?"

ಇನ್ಸ್‌ಪೆಕ್ಟರ್ ಗವಸನ್ನು ಚೀಲಕ್ಕೆ ಸೇರಿಸಿದ. ಕೇಳಬಾರದಿತ್ತು, ಕೇಳದೆ ಬರೆದು ಮುಗಿಸಬೇಕಿತ್ತು ಎಂದು ತನ್ನನ್ನೇ ಬೈದುಕೊಂಡ.

*

ಜನರಲ್ ಹೆಂಡತಿ ಸ್ಮಾರಕ ಭವನದ ಮಹಡಿಯಲ್ಲಿ, ಅಂದರೆ ತನ್ನ ಸ್ವಂತ ಮನೆಯ ಮಲಗುವ ಕೋಣೆಯಲ್ಲಿ, ತಲೆಯಿಲ್ಲದ ಒಂದು ಗೊಂಬೆಗೆ ಸಮವಸ್ತ್ರ ತೊಡಿಸುತ್ತಿದ್ದರು. ಶಸ್ತ್ರಚಿಕಿತ್ಸೆಯಾದ ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡಿದ್ದರು, ಊರುಗೋಲು ಮಗ್ಗುಲಲ್ಲಿತ್ತು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡಿದರು.

"ಕೂತ್ಕೊಳ್ಳಿ ಅನ್ನೋಣ ಅಂದ್ರೆ ಕುರ್ಚಿಗಳೆಲ್ಲ ಪ್ರದರ್ಶನಕ್ಕೆ ಹೋಗಿವೆ. ನಾನೂ ಇನ್ನೆರಡು ದಿನದಲ್ಲಿ ಗಾಜಿನ ಪೆಟ್ಟಿಗೆ ಸೇರ್ತೀನೋ ಏನೋ."

ಇನ್ಸ್‌ಪೆಕ್ಟರಿಗೆ ನಗು ಬಂತು. ಈ ಹೆಂಗಸಿನ ಮೇಲೆ ದ್ವೇಷ ಹುಟ್ಟಿದ್ದರೆ ಕೆಲಸ ಸುಲಭವಾಗುತ್ತಿತ್ತು, ಆದರೆ ಅದೂ ಹುಟ್ಟಲಿಲ್ಲ. ಆಕೆಯ ಕಣ್ಣಿನ ಕೆಳಗೂ ತನ್ನಂತೆಯೇ ನಿದ್ದೆಯಿಲ್ಲದ ಕಪ್ಪು ಕಂಡಿತು.

ಡ್ರೈವರಿನ ಸಾವು ತುಂಬ ದುಃಖ ತಂದಿದೆ, ಮನೆಯವನ ಹಾಗೇ ಇದ್ದ ಎಂದು ಆಕೆ ಹೇಳಿದರು. ರಾತ್ರಿ ಯಾರೂ ಬಂದದ್ದು ತನಗೆ ತಿಳಿಯದು ಎಂದರು. ಅವನು ಎಲ್ಲವನ್ನೂ ಕೇಳಿಕೊಂಡು, ನಕ್ಷತ್ರದ ಗವಸನ್ನು ಯಾರು ತೆಗೆದದ್ದು ಎಂದು ವಿಚಾರಿಸಿದ.

"ನಾನೇ. ನಿನ್ನೆ ಸಂಜೆ. ಭಾನುವಾರ ಜನ ಬರ್ತಾರೆ, ನಕ್ಷತ್ರ ಕಾಣಿಸಲಿ ಅಂತ."

"ಗಂಟು ತಗಡಿನ ಹಿಂದಿದೆ ಅಮ್ಮಾವ್ರೆ. ನೆಲದ ಮೇಲೆ ಮಂಡಿಯೂರಿದ್ರೆ ಮಾತ್ರ ಕೈಗೆ ಸಿಗುತ್ತೆ. ಬೆಳಗ್ಗೆ ನಾನೇ ಊರಿ ನೋಡಿದೆ, ಏಳೋಕೆ ಒದ್ದಾಡಿಬಿಟ್ಟೆ. ನೀವು ಈ ಕಾಲಲ್ಲಿ..."

ಆಕೆ ಗುಂಡುಸೂಜಿಯನ್ನು ಬಾಯಿಂದ ತೆಗೆದರು.

"ಕೆಲಸದವರ ಕೈಲಿ ತೆಗೆಸಿದೆ."

"ತೆಗೆದು ಎಲ್ಲಿಟ್ರು?"

"ಎಲ್ಲೋ ಬಿಸಾಕಿರ್ತಾರೆ. ಹಳೇ ಬಟ್ಟೆ ತಾನೆ."

ಅವನು ಗವಸನ್ನು ಚೀಲದಿಂದ ತೆಗೆದು ಆಕೆಯ ತೊಡೆಯ ಮೇಲಿಟ್ಟ. ಸುತ್ತಿದ ದಾರ, ಒಳಗೆ ಸೇರಿಸಿದ ತುದಿ. ಆಕೆ ಅದನ್ನು ಬಹಳ ಹೊತ್ತು ನೋಡಿದರು.

ಇನ್ಸ್‌ಪೆಕ್ಟರ್ ದಣಿದ ದನಿಯಲ್ಲಿ, ಪಾಠ ಒಪ್ಪಿಸುವವನಂತೆ ಹೇಳಿದ. ಮುದುಕ ಮೊದಲು ಸೀಟು ಒರೆಸಿದ. ಯಾರೋ ಹತ್ತಿ ಕೂತರು. ಆಮೇಲೆ ಮುಂದೆ ಬಂದು ಮಂಡಿಯೂರಿ ಗವಸು ಬಿಚ್ಚಿದ, ಎಂದಿನಂತೆ ಮಡಿಸಿ ಎಂದಿನ ಜಾಗದಲ್ಲಿಟ್ಟ. ಸೋಮವಾರದ ಮಾತು ಬಂದಿರಬೇಕು. ಹೇಳಬೇಡ ಅಂದಿರಬೇಕು. ಹೇಳೇ ಹೇಳುತ್ತೇನೆ ಅಂದಿರಬೇಕು. ಕೂತವರು ಇಳಿದು ಬಂದು ತಳ್ಳಿದರು, ಹೋದರು. ಗವಸು ಮಾತ್ರ ಸೀಟಿನ ಜೇಬಿನಲ್ಲೇ ಉಳಿಯಿತು.

"ಬೇರೆ ಯಾರಾದ್ರೂ ಆಗಿದ್ರೆ ಗಾಡಿ ಮೊದಲಿನ ಹಾಗೆ ಮಾಡಿಟ್ಟು ಹೋಗ್ತಿದ್ರು. ಇವರಿಗೆ ಅದು ಹೊಳೆದೇ ಇಲ್ಲ. ಯಾಕಂದ್ರೆ ಆಯುಷ್ಯವೆಲ್ಲ ಅವರು ಇಳಿದ ಮೇಲೆ ಅದನ್ನ ಮುಚ್ಚಿದ್ದು ಇನ್ನೊಬ್ಬ."

ಆಕೆ ಗೊಂಬೆಯ ಕಡೆ ತಿರುಗಿ, ಆಗಲೇ ನೆಟ್ಟಗಿದ್ದ ಕಾಲರನ್ನು ಮತ್ತೆ ನೆಟ್ಟಗೆ ಮಾಡಿದರು.

"ಇಳಿದ್ರೆ ಹಿಂದಕ್ಕೆ ತಿರುಗಿ ನೋಡೋ ಮನುಷ್ಯನೇ ಅಲ್ಲ," ಎಂದರು ಮೆಲ್ಲಗೆ. "ಮನೆಯಲ್ಲೂ ಹಾಗೇ. ಬಾಗಿಲು ಹಾಕ್ಕೊಳ್ಳೋದು ನಾನು, ದೀಪ ಆರಿಸೋದು ನಾನು."

"ಪೆಟ್ಟಿಗೆಯಲ್ಲಿ ಮುಖ ನೋಡಿದ್ರಾ ಅಮ್ಮಾವ್ರೆ? ಮಣ್ಣು ಮಾಡಿದ ದಿನ?"

"ನೋಡೋಕೆ ಏನೂ ಉಳಿದಿಲ್ಲ ಅಂದ್ರು. ನಂಬಿದೆ. ನಂಬೋದು ನನಗೆ ಅಭ್ಯಾಸ." ಆಕೆ ಊರುಗೋಲನ್ನು ಎಳೆದುಕೊಂಡರು. "ನಮ್ಮವರು ರಾಕ್ಷಸ ಅಂತ ಅರ್ಧ ಜನ, ದೇವರು ಅಂತ ಅರ್ಧ ಜನ. ಹಲ್ಲುನೋವು ಬಂದ್ರೆ ಮಗುವಿನ ಹಾಗೆ ಅಳೋದನ್ನ ನೋಡಿದವಳು ನಾನೊಬ್ಬಳೇ. ನನಗೂ ಸಾಕಾಗಿದೆ ಇನ್ಸ್‌ಪೆಕ್ಟ್ರೇ. ಭಾನುವಾರ ಕಳೆದ್ರೆ ಸಾಕು."

"ಹಾಗಾದ್ರೆ ಹೇಳಿಬಿಡಿ."

"ನೀವೇ ಹೋಗಿ ಹೇಳಿ. ಕೇಳೋರು ಯಾರು? ತಮ್ಮನನ್ನ ಉಳಿಸೋಕೆ ಸತ್ತವರನ್ನ ಎಬ್ಬಿಸಿದ ಅಂತಾರೆ." ಈ ಮಾತನ್ನು ಆಕೆ ಕೊಂಕಿನಿಂದ ಹೇಳಲಿಲ್ಲ, ಅದಕ್ಕೇ ಅದು ಇನ್ನೂ ಚುಚ್ಚಿತು. ಆಮೇಲೆ ದನಿ ತಗ್ಗಿಸಿದರು. "ತಮ್ಮನ್ನ ಮನೆಗೆ ಕರ್ಕೊಂಡು ಹೋಗಬೇಕು ಅಂತ ಅನ್ನಿಸಲ್ವಾ ನಿಮಗೆ? ಮುದುಕ ಕಾಲು ಜಾರಿ ಬಿದ್ದ ಅಂತ ಬರೀರಿ. ಕ್ಷಮಾದಾನ ಕೊಡಿಸೋ ಕೈಗಳು ಈಗಲೂ ಇವೆ. ಇವತ್ತೇ ಆದ್ರೂ ಆದೀತು."

ಇನ್ಸ್‌ಪೆಕ್ಟರ್ ತಕ್ಷಣ ಇಲ್ಲ ಎನ್ನಲಿಲ್ಲ. ಅದನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ. ತಮ್ಮ ತನ್ನ ಮನೆಯ ಜಗಲಿಯಲ್ಲಿ ಕಾಲು ಚಾಚಿ ಕೂತಿರುವುದು ಒಂದು ಗಳಿಗೆ ಕಣ್ಣಿಗೆ ಕಟ್ಟಿತು. ಹಿಂದೆಯೇ, ಉಗ್ರಾಣದ ಬಾಗಿಲು ಒಳಗಿನಿಂದ ಬಡಿಯುತ್ತಿತ್ತು ಎಂದು ತಮ್ಮ ಒಂದೇ ಒಂದು ಸಲ ಹೇಳಿದ್ದು ನೆನಪಾಯಿತು. ಅದನ್ನು ಹೇಳಿದ ದಿನದಿಂದ ತಮ್ಮ ಜೈಲಿನಲ್ಲಿ ಯಾವ ಅಧಿಕಾರಿ ಬಂದರೂ ಎದ್ದು ನಿಲ್ಲುವುದನ್ನು ಬಿಟ್ಟಿದ್ದ. ಒದೆ ತಿಂದರೂ ಏಳುತ್ತಿರಲಿಲ್ಲ. ಎದ್ದು ನಿಂತು ಮಾತು ಕೇಳಿದ್ದು ಒಬ್ಬನದು, ಅದಕ್ಕೇ ಇಲ್ಲಿದ್ದೇನೆ ಅಣ್ಣ, ಇನ್ನು ಯಾರಿಗೂ ಏಳುವುದಿಲ್ಲ ಎಂದಿದ್ದ. ತಮ್ಮನಲ್ಲಿ ಇನ್ನೂ ಮನುಷ್ಯ ಉಳಿದಿದ್ದಾನೆ ಎಂದು ಅಣ್ಣ ನಂಬಿದ್ದು ಆ ಹಟವೊಂದನ್ನು ನೋಡಿ.

"ಬೆಂಕಿ ಹಚ್ಚಿದ್ದು ಅವನೇ ಅಮ್ಮಾವ್ರೆ," ಎಂದ ಕೊನೆಗೆ. "ಅವನು ಅಲ್ಲೇ ಇರಲಿ. ಹಚ್ಚು ಅಂದವರೂ ಅವನ ಪಕ್ಕ ಬಂದು ಕೂರಲಿ. ನನಗೆ ಬೇಕಾಗಿರೋದು ಅಷ್ಟೇ."

ಆಕೆ ಗವಸನ್ನು ವಾಪಸು ಕೊಟ್ಟರು. ಕೊಡುವಾಗ ಅವನ ಮುಖ ನೋಡಿದ ರೀತಿಯಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು.

"ತಡ ಮಾಡಿಬಿಟ್ರಿ," ಎಂದರು. "ನಿಮ್ಮನ್ನ ಕೇಳಿದ ಹಾಗೆ ನಿಮ್ಮ ತಮ್ಮನ್ನೂ ಕೇಳ್ತಾರೆ ಅಂತ ಅನ್ನಿಸಲಿಲ್ವಾ?"

*

ಮೆಟ್ಟಿಲಿಳಿಯುವಾಗ ಆಮೆ ಎಂಬ ಹೆಸರಿಗೆ ಆ ಮನುಷ್ಯ ಮೊದಲ ಸಲ ದ್ರೋಹ ಮಾಡಿದ. ಕೆಳಗೆ ಬಂದಾಗ ದಫೇದಾರ ಫೋನನ್ನು ಚಾಚಿಕೊಂಡು ಎದುರಿಗೇ ಬರುತ್ತಿದ್ದ. ಆ ಕಡೆ ಜೈಲಿನ ವಾರ್ಡರ್ ಇದ್ದ. ಪ್ರತಿ ತಿಂಗಳು ಅಣ್ಣ ಹೋದಾಗ ತಮ್ಮನನ್ನು ಕರೆತಂದು ಕೂರಿಸುವ ಮನುಷ್ಯ, ಒಳ್ಳೆಯವನು.

"ಶುಭಾಶಯ ಸಾರ್. ತಮ್ಮನಿಗೆ ಬಿಡುಗಡೆ ಆಯ್ತಲ್ಲ, ನಿಮಗೆ ಗೊತ್ತೇ ಇರುತ್ತೆ ಅಂದ್ಕೊಂಡೆ."

"ಯಾವಾಗ?"

"ಈಗ, ಮಧ್ಯಾಹ್ನದ ಊಟ ಆದ ಮೇಲೆ. ಕ್ಷಮಾದಾನದ ಆದೇಶ ಹಿಡ್ಕೊಂಡು ಒಬ್ಬರು ಮುದುಕರು ಬಂದ್ರು. ಗಡ್ಡ, ಕಪ್ಪು ಕನ್ನಡಕ. ಬೆನ್ನು ಮಾತ್ರ ಕೋಲಿನ ಹಾಗೆ ನೆಟ್ಟಗಿತ್ತು. ನಿಮ್ಮ ಕಡೆ ದೊಡ್ಡಪ್ಪನೋ ಮಾವನೋ ಅಂದ್ಕೊಂಡೆ ನಾನು."

ತಮ್ಮ ಹೋಗಲು ಒಪ್ಪಿದನೇ ಎಂದು ಅಣ್ಣ ಕೇಳಿದ. ಒಪ್ಪಿದ ಎಂದ ವಾರ್ಡರ್. ಆ ದಿನ ಜೀಪಿನಲ್ಲಿ ಜನರಲ್ ಇರಲಿಲ್ಲ, ನಾನು ಕೋರ್ಟಿನಲ್ಲಿ ಹೇಳಿದ್ದು ಸುಳ್ಳು ಎಂದು ಎಲ್ಲರೆದುರು ಹೇಳಿ ರುಜು ಹಾಕಿದ ಎಂದ. ಆಮೇಲೆ, ಒಂದು ವಿಚಿತ್ರ ನೋಡಿದೆ ಸಾರ್ ಎಂದ.

"ಇಷ್ಟು ವರ್ಷದಲ್ಲಿ ಯಾರು ಬಂದ್ರೂ ಏಳದ ಮನುಷ್ಯ, ಆ ಮುದುಕರು ಬಾಗಿಲಲ್ಲಿ ಕಂಡ ಕೂಡಲೇ ದಡಕ್ಕನೆ ಎದ್ದು ಸೆಲ್ಯೂಟ್ ಹೊಡೆದ. ಕೈ ಇಳಿಸು ಅನ್ನೋವರೆಗೂ ಇಳಿಸಲಿಲ್ಲ."

ಇನ್ಸ್‌ಪೆಕ್ಟರ್ ಕೈಯಲ್ಲಿದ್ದ ಗವಸು ಕೆಳಗೆ ಬಿತ್ತು. ಯಾವ ಕಡೆ ಹೋದರು, ಗಾಡಿಯಲ್ಲಿ ಇನ್ನು ಯಾರಿದ್ದರು ಎಂದು ಕೇಳಿದ.

"ಹೊಳೆ ಕಡೆ ರಸ್ತೆ ಹಿಡಿದ್ರು ಸಾರ್. ಇನ್ಯಾರೂ ಇರಲಿಲ್ಲ. ಡ್ರೈವರ್ ಬೆಳಗ್ಗೆ ತೀರಿಕೊಂಡ ಅಂದ್ರು ಆ ಮುದುಕರು. ಮುಂದಿನ ಸೀಟು ಒರೆಸಿ, ಅವರನ್ನ ಕೂರಿಸಿ, ಗಾಡಿ ನಿಮ್ಮ ತಮ್ಮನೇ ಓಡಿಸ್ಕೊಂಡು ಹೋದ."